ಹೊರಡುವ ಮೊದಲೇ ತಲುಪಿದವರು

ಹವ್ಯಾಸಿ ವೇಗಚಾಲಕರ ಸಂಘದ ಈ ವರ್ಷದ ಸಮಯಸ್ಪರ್ಧೆಯಲ್ಲಿ ದಂತವೈದ್ಯರು ತಾವು ಹೊರಡುವುದಕ್ಕೆ ಇಪ್ಪತ್ತೆಂಟು ಗಂಟೆ ಮೊದಲೇ ಗುರಿ ಮುಟ್ಟಿ ಪ್ರಥಮ ಸ್ಥಾನ ಪಡೆದಿದ್ದಾರೆ. ಈ ಕುರಿತು ಊರಿನಲ್ಲಿ ಅಲ್ಲಸಲ್ಲದ ಮಾತುಗಳು ಹಬ್ಬಿರುವುದರಿಂದ, ನಡೆದದ್ದನ್ನು ನಡೆದ ಹಾಗೆಯೇ ಬರೆದಿಡುವಂತೆ ಅಧ್ಯಕ್ಷರು ನನಗೆ ಸೂಚಿಸಿದ್ದಾರೆ. ನಾನು ಸಂಘದ ಸಹಕಾರ್ಯದರ್ಶಿ. ನನಗೆ ಕಾರು ಓಡಿಸಲು ಬರುವುದಿಲ್ಲ. ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ಆಯ್ಕೆಯಾದವನು.

ಸ್ಪರ್ಧೆ ಸರಳವಾದದ್ದು. ಊರಾಚೆ ವಿಮಾನಗಳು ಮರೆತುಹೋದ ಹಳೆಯ ರನ್‌ವೇ ಒಂದಿದೆ. ಅದರ ಮೇಲೆ ಪ್ಲಾಸ್ಟಿಕ್ ಕೋನುಗಳನ್ನಿಟ್ಟು ಎರಡೂವರೆ ಕಿಲೋಮೀಟರಿನ ಅಂಕುಡೊಂಕು ದಾರಿ ಮಾಡುತ್ತೇವೆ. ವರ್ಷಕ್ಕೊಮ್ಮೆ ಒಂದು ಶನಿವಾರ, ಒಂದು ಭಾನುವಾರ ಸದಸ್ಯರು ಮನೆಯ ಕಾರು ತಂದು ಒಬ್ಬೊಬ್ಬರಾಗಿ ಸುತ್ತು ಹಾಕುತ್ತಾರೆ. ಎಷ್ಟು ಸುತ್ತು ಬೇಕಾದರೂ ಹಾಕಬಹುದು. ಅತಿ ಕಡಿಮೆ ಸಮಯ ತೆಗೆದುಕೊಂಡವರಿಗೆ ಬೆಳ್ಳಿ ಬಣ್ಣದ ಬಟ್ಟಲು.

ಬಟ್ಟಲಿಗಿಂತ ದೊಡ್ಡ ವಿಷಯವೊಂದು ದಂತವೈದ್ಯರ ಮತ್ತು ಬೇಕರಿಯವರ ನಡುವೆ ಇತ್ತು. ಬೇಕರಿಯವರ ಅಕ್ಕನನ್ನು ದಂತವೈದ್ಯರಿಗೆ ಕೊಟ್ಟಿದೆ. ಭಾವ ಮತ್ತು ಭಾವಮೈದ ಮಾಡಿಕೊಂಡ ಕರಾರಿನ ಪ್ರಕಾರ, ಸೋತವರು ವರ್ಷವಿಡೀ ಪ್ರತಿ ಭಾನುವಾರ ಗೆದ್ದವರ ಕಾರು ತೊಳೆಯಬೇಕು. ಬೇಕರಿಯವರು ನಾಲ್ಕು ವರ್ಷದಿಂದ ತೊಳೆಯುತ್ತಿದ್ದಾರೆ. ಅವರು ಬಕೆಟ್ ಹಿಡಿದು ಬಗ್ಗಿದಾಗಲೆಲ್ಲ ಅಕ್ಕ ಕಿಟಕಿಯಿಂದ, "ಹಿಂದಿನ ಚಕ್ರದಲ್ಲಿ ಇನ್ನೂ ಕೆಸರಿದೆ ನೋಡೋ" ಎನ್ನುವುದನ್ನು ಬೀದಿಯವರೆಲ್ಲ ಕೇಳಿದ್ದಾರೆ. ಈ ಸಲ ಗೆಲ್ಲದಿದ್ದರೆ ತಾನು ಮನುಷ್ಯನೇ ಅಲ್ಲ ಎಂದು ಬೇಕರಿಯವರು ಹಿಟ್ಟು ನಾದುವಾಗ ಹೇಳಿಕೊಂಡರೆಂದು ತಿಳಿದುಬಂದಿದೆ.

ಶನಿವಾರ ಬೆಳಿಗ್ಗೆ ಎಂಟೂವರೆಗೆ ಹನ್ನೆರಡು ಕಾರುಗಳು ಸಾಲಾಗಿ ನಿಂತವು. ಆಗ ಸಮಯ ಅಳೆಯುವ ಯಂತ್ರ ಬೀರುವಿನಲ್ಲಿದೆ ಎಂದೂ, ಬೀರುವಿನ ಕೀಲಿ ಖಜಾಂಚಿಯವರ ಬಳಿ ಇದೆ ಎಂದೂ, ಖಜಾಂಚಿಯವರು ಮಗಳ ಹೆರಿಗೆಗೆಂದು ಪರವೂರಿಗೆ ಹೋಗಿದ್ದಾರೆ ಎಂದೂ ಗೊತ್ತಾಯಿತು. ಬೀಗ ಒಡೆಯಲು ಖಜಾಂಚಿಯವರ ರುಜು ಬೇಕು.

"ಮೊಬೈಲ್‌ನಲ್ಲಿ ನೋಡ್ಕೊಂಡ್ರೆ ಆಗಲ್ವಾ?" ಎಂದು ಯಾರೋ ಕೇಳಿದರು.

ನಮ್ಮ ಅಧ್ಯಕ್ಷರು ನೋಂದಣಿ ಕಚೇರಿಯಲ್ಲಿ ಮೂವತ್ತಾರು ವರ್ಷ ಇದ್ದು ನಿವೃತ್ತರಾದವರು. ನಿಯಮಾವಳಿ ತೆರೆದು ಏಳನೇ ನಿಯಮ ಓದಿದರು: ಸಂಘದ ಯಂತ್ರವನ್ನು ಬಿಟ್ಟು ಬೇರೆ ಯಾವ ಖಾಸಗಿ ಗಡಿಯಾರಕ್ಕೂ ಮಾನ್ಯತೆ ಇಲ್ಲ. ಆಮೇಲೆ ಐದು ನಿಮಿಷ ಯೋಚಿಸಿ ನನ್ನಿಂದ ಈ ಪ್ರಕಟಣೆ ಬರೆಸಿದರು:

"ಗಡಿಯಾರ ಇಲ್ಲದಿರುವುದು ಸ್ಪರ್ಧೆ ನಿಲ್ಲಿಸಲು ಕಾರಣವಾಗತಕ್ಕದ್ದಲ್ಲ. ಸದಸ್ಯರು ತಾವು ತೆಗೆದುಕೊಂಡ ಸಮಯವನ್ನು ನಾಲ್ಕನೇ ನಮೂನೆಯಲ್ಲಿ ಸ್ವಯಂ ಘೋಷಿಸಿಕೊಳ್ಳತಕ್ಕದ್ದು. ಸದಸ್ಯರ ಮಾತನ್ನು ಸಂದೇಹಿಸುವುದು ಸಂಘವನ್ನೇ ಸಂದೇಹಿಸಿದಂತೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಇಷ್ಟು ಗೌರವ ತಮಗೆ ಎಲ್ಲಿಯೂ ಸಿಕ್ಕಿರಲಿಲ್ಲ ಎಂದು ಕೆಲವರು ಕಣ್ಣೊರೆಸಿಕೊಂಡರು.

ದಂತವೈದ್ಯರು ಮೊದಲು ಹೋದರು. ಬಾವುಟ ಬೀಸುವವರು ಸಲೂನಿನವರು. ಅವರು ಬಾವುಟ ಆಡಿಸಿದರು, ಕಾರು ಹೋಗಿ ಬಂತು, ದಂತವೈದ್ಯರು ಒಂದು ನಿಮಿಷ ಐವತ್ತೆರಡು ಸೆಕೆಂಡು ಎಂದು ಬರೆದರು. ಬೇಕರಿಯವರು ಹೋಗಿ ಬಂದು ಒಂದು ಐವತ್ತು ಎಂದು ಬರೆದರು. ಭಾವ ಇನ್ನೊಮ್ಮೆ ಹೋಗಿ ಬಂದು ಒಂದು ನಲವತ್ತು ಎಂದರು. ಮಧ್ಯಾಹ್ನದ ಹೊತ್ತಿಗೆ ಬೇಕರಿಯವರು ನಲವತ್ತು ಸೆಕೆಂಡಿಗೆ ಇಳಿದಿದ್ದರು. ಇದಕ್ಕೆ ಗಂಟೆಗೆ ಇನ್ನೂರ ಇಪ್ಪತ್ತೈದು ಕಿಲೋಮೀಟರ್ ವೇಗ ಬೇಕು, ಅವರ ಕಾರಿನ ಮೀಟರು ನೂರ ಅರವತ್ತಕ್ಕೇ ಮುಗಿಯುತ್ತದೆ ಎಂದು ನಾನು ಅಧ್ಯಕ್ಷರ ಗಮನಕ್ಕೆ ತಂದೆ.

"ಮೀಟರು ನಮ್ಮ ಸಂಘದ ಸದಸ್ಯನೇ?" ಎಂದು ಅಧ್ಯಕ್ಷರು ಕೇಳಿದರು.

ಅಲ್ಲ ಎಂದೆ.

"ಹಾಗಾದ್ರೆ ಅದರ ಮಾತು ಬಿಡಿ."

ಮೂರು ಗಂಟೆಗೆ ಮತ್ತೊಂದು ಬೆಳವಣಿಗೆ ಆಯಿತು. ಹತ್ತು ಸೆಕೆಂಡಿನ ಸುತ್ತನ್ನು ಮುಗಿಸಲು ಎರಡು ನಿಮಿಷ ವ್ಯರ್ಥ ಮಾಡುವುದೇಕೆ, ಟೈರ್ ಸವೆಯುವುದಿಲ್ಲವೇ ಎಂದು ಸದಸ್ಯರೊಬ್ಬರು ಮನವಿ ಸಲ್ಲಿಸಿದರು. ಮನವಿ ನ್ಯಾಯವಾಗಿತ್ತು. ಕಾರು ಚಲಿಸುವುದು ಕಡ್ಡಾಯವಲ್ಲ ಎಂದು ತೀರ್ಮಾನವಾಯಿತು. ಆದರೆ ಶಿಸ್ತು ಇರಬೇಕಲ್ಲ, ಚಾಲಕರು ಕಾರಿನೊಳಗೆ ಕೂತು ಹೆಲ್ಮೆಟ್ ಹಾಕಿಕೊಂಡೇ ಸಮಯ ಬರೆಯಬೇಕು ಎಂದು ಅಧ್ಯಕ್ಷರು ಪಟ್ಟು ಹಿಡಿದರು. ಅಲ್ಲಿಂದಾಚೆ ಸ್ಪರ್ಧೆ ಬಹಳ ಚುರುಕಾಯಿತು. ದಂತವೈದ್ಯರು ಒಂಬತ್ತು ಸೆಕೆಂಡು ಘೋಷಿಸಿದರು. ಲೆಕ್ಕ ಹಾಕಿದೆ, ಗಂಟೆಗೆ ಸರಿಯಾಗಿ ಸಾವಿರ ಕಿಲೋಮೀಟರ್. ಇಷ್ಟು ದುಂಡಾದ ಸಂಖ್ಯೆಯಲ್ಲಿ ತಪ್ಪು ನುಸುಳಲು ಜಾಗವೇ ಇಲ್ಲ ಎಂದು ಅಧ್ಯಕ್ಷರು ಮೆಚ್ಚಿಕೊಂಡರು.

ಹನ್ನೊಂದು ಜನ ಹೀಗೆ ನಿಂತ ಕಾರಿನಲ್ಲಿ ಬೆವರು ಸುರಿಸುತ್ತ ಸ್ಪರ್ಧಿಸುತ್ತಿದ್ದಾಗ ಟ್ರ್ಯಾಕಿನ ಮೇಲೆ ಒಂದೇ ಒಂದು ಗಾಡಿ ಓಡುತ್ತಿತ್ತು. ಅದು ಟೈಲರಮ್ಮನದು. ಅವರು ಈ ವರ್ಷವಷ್ಟೇ ಸೇರಿದವರು. ವಯಸ್ಸು ಐವತ್ತೈದು. ಬಟ್ಟೆಯ ಗಂಟು ಸಾಗಿಸಲೆಂದು ಹಿಂದಿನ ಸೀಟು ಕಿತ್ತು ಹಾಕಿದ ಹಳೆಯ ಕಾರು. ಸ್ಟೀರಿಂಗಿಗೆ ಗಂಡನ ಕೈಗಡಿಯಾರ ಕಟ್ಟಿದ್ದರು. ಯಾಕಮ್ಮ ಈ ಹುಚ್ಚು ಎಂದು ನಾನು ಕೇಳಿದ್ದಕ್ಕೆ ಅವರೆಂದರು, "ಮೂವತ್ತು ವರ್ಷ ಹೊಲಿಗೆ ಮಿಷನ್ ತುಳಿದಿದೀನಿ ಸರ್. ಒಂದಡಿ ಮುಂದೆ ಹೋಗಿಲ್ಲ."

ನಾಲ್ಕನೇ ನಮೂನೆಯಲ್ಲಿ ಅವರು ಎರಡು ನಿಮಿಷ ಹದಿನಾಲ್ಕು ಸೆಕೆಂಡು ಎಂದು ಬರೆದುಕೊಟ್ಟರು. ಇದನ್ನು ನೋಡಿ ಅಧ್ಯಕ್ಷರಿಗೆ ಗಾಬರಿಯಾಯಿತು. ಭಾನುವಾರ ಬೆಳಿಗ್ಗೆ ವಿಚಾರಣೆ ಕರೆದರು.

"ಎರಡು ನಿಮಿಷ ಹದಿನಾಲ್ಕು ಸೆಕೆಂಡು. ಇಷ್ಟು ಹೊತ್ತು ತಾವು ಎಲ್ಲಿದ್ರಿ?"

"ಟ್ರ್ಯಾಕ್ ಮೇಲೇ ಇದ್ದೆ ಸರ್."

"ಅಲ್ಲಿ ಏನ್ ಮಾಡ್ತಿದ್ರಿ?"

"ಗಾಡಿ ಓಡಿಸ್ತಿದ್ದೆ."

"ಓಡಿಸೋಕೆ ಅನುಮತಿ ತಗೊಂಡಿದ್ರಾ?"

ಟೈಲರಮ್ಮ ಸ್ವಲ್ಪ ಯೋಚಿಸಿ, "ರೇಸು ಅಂದ್ಕೊಂಡಿದ್ದೆ ಸರ್" ಎಂದರು.

ಖಾಸಗಿ ಗಡಿಯಾರ ಬಳಸಿದ್ದಕ್ಕೆ ಎಚ್ಚರಿಕೆ ಕೊಟ್ಟು, ಹೊಸ ಸದಸ್ಯರೆಂಬ ಕಾರಣಕ್ಕೆ ಅವರನ್ನು ಸ್ಪರ್ಧೆಯಲ್ಲಿ ಮುಂದುವರಿಯಲು ಬಿಡಲಾಯಿತು. ಸ್ಪರ್ಧಿಗಳ ಏಕಾಗ್ರತೆಗೆ ಭಂಗ ಬಾರದ ಹಾಗೆ ಓಡಿಸಬೇಕೆಂಬುದು ಷರತ್ತು. ಅವರು ನಮಸ್ಕಾರ ಮಾಡಿ ಹೋಗಿ ಮತ್ತೆ ಗಾಡಿ ಹತ್ತಿದರು. ಎರಡು ನಿಮಿಷ ಒಂಬತ್ತು ಸೆಕೆಂಡಿಗೆ ಬಂದಿದ್ದರಂತೆ. ಎರಡರ ಒಳಗೆ ಬರಬೇಕೆಂಬ ಆಸೆ.

ಅಷ್ಟರಲ್ಲಿ ಬೇಕರಿಯವರು ಸೊನ್ನೆ ಸೆಕೆಂಡು ಘೋಷಿಸಿದರು. ಸೊನ್ನೆಗಿಂತ ಕೆಳಗೆ ಇನ್ನೇನಿದೆ ಎಂದುಕೊಂಡು ಹೆಲ್ಮೆಟ್ ತೆಗೆದು, ತಮ್ಮದೇ ಅಂಗಡಿಯ ಬನ್ನು ತಿನ್ನುತ್ತ ಕೂತರು. ಅರ್ಧ ಬನ್ನು ಮುಗಿಯುವಷ್ಟರಲ್ಲಿ ದಂತವೈದ್ಯರು ಮೈನಸ್ ಮೂರು ಸೆಕೆಂಡು ಎಂದು ಬರೆದು ರುಜು ಹಾಕಿದರು.

ಬೇಕರಿಯವರು ಬನ್ನು ಕೆಳಗಿಟ್ಟರು. "ಭಾವ, ಮೈನಸ್ ಮೂರು ಅಂದ್ರೆ ಏನರ್ಥ?"

"ಹೊರಡೋಕೆ ಮೂರು ಸೆಕೆಂಡು ಮೊದಲೇ ಬಂದ್ಬಿಟ್ಟೆ ಅಂತ."

"ಬಂದಮೇಲೆ ಮತ್ತೆ ಯಾಕೆ ಹೊರಟ್ರಿ?"

"ನಿಯಮ ಇದೆಯಲ್ಲಪ್ಪ. ಹೊರಡಲೇಬೇಕು."

ತಕರಾರು ಅಧ್ಯಕ್ಷರ ಮುಂದೆ ಬಂತು. ಸಲೂನಿನವರನ್ನು ಸಾಕ್ಷಿಗೆ ಕರೆದರು. ಅವರು ಬಾವುಟವನ್ನು ಕಂಕುಳಲ್ಲಿಟ್ಟುಕೊಂಡು, "ಮೊದಲು ಬಂದ್ರು, ಆಮೇಲೆ ಹೊರಟ್ರು. ಎರಡಕ್ಕೂ ಬಾವುಟ ಆಡಿಸಿದೀನಿ" ಎಂದರು.

"ನಿಮಗೆ ಅನುಮಾನ ಬರಲಿಲ್ವಾ?" ಎಂದು ಬೇಕರಿಯವರು ಕೇಳಿದರು.

"ಕೂದಲು ಕತ್ತರಿಸೋವಾಗ ಜನ ಏನೇನೋ ಹೇಳ್ತಾರೆ ಸ್ವಾಮಿ. ಹೂಂ ಅಂದು ಅಭ್ಯಾಸ."

ಸಾಕ್ಷ್ಯ ಬಲವಾಗಿತ್ತು. ಆದರೂ ಇದಕ್ಕೊಂದು ಮಿತಿ ಇಲ್ಲದಿದ್ದರೆ ಸದಸ್ಯರು ತಮ್ಮ ಹುಟ್ಟಿಗಿಂತ ಮೊದಲೇ ಗುರಿ ಮುಟ್ಟಿಯಾರು, ಆಗ ಸದಸ್ಯತ್ವದ ವಯೋಮಿತಿಗೆ ತೊಡಕಾಗುತ್ತದೆ ಎಂದು ಅಧ್ಯಕ್ಷರು ದೂರಾಲೋಚನೆ ಮಾಡಿದರು. ಕೊನೆಗೆ, ಸ್ಪರ್ಧೆ ಉದ್ಘಾಟನೆಯಾದ ಶನಿವಾರ ಬೆಳಿಗ್ಗೆ ಒಂಬತ್ತಕ್ಕಿಂತ ಹಿಂದೆ ಯಾರೂ ಬಂದು ಮುಟ್ಟುವಂತಿಲ್ಲ, ಭಾನುವಾರ ಮಧ್ಯಾಹ್ನ ಒಂದರ ನಂತರ ಯಾರೂ ಹೊರಡುವಂತಿಲ್ಲ, ಇನ್ನು ಒಬ್ಬೊಬ್ಬರು ಒಮ್ಮೆ ಮಾತ್ರ ಹೊರಡತಕ್ಕದ್ದು ಎಂಬ ನಿಯಮ ಜಾರಿಯಾಯಿತು.

ನಿಯಮದ ಒಳಾರ್ಥ ಹನ್ನೊಂದು ಜನಕ್ಕೂ ಒಟ್ಟಿಗೇ ಹೊಳೆಯಿತು. ಎಲ್ಲರೂ ಶನಿವಾರ ಒಂಬತ್ತಕ್ಕೇ ಬಂದು ಮುಟ್ಟುವವರಾದ್ದರಿಂದ, ಎಷ್ಟು ತಡವಾಗಿ ಹೊರಟರೆ ಅಷ್ಟು ವೇಗ. ಮುಂದಿನ ಎರಡು ಗಂಟೆ ನಮ್ಮ ಸಂಘದಲ್ಲಿ ಕಂಡ ಸೌಜನ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ. "ತಾವು ಮೊದಲು", "ಛೆ, ತಾವು ಹಿರಿಯರು", "ನನ್ನ ಹೆಲ್ಮೆಟ್ ಪಟ್ಟಿ ಯಾಕೋ ಸಿಕ್ಕಿಹಾಕ್ಕೊಂಡಿದೆ, ನೀವು ನಡೀರಿ". ಒಬ್ಬರು ಶೂ ಲೇಸನ್ನು ಹದಿನೆಂಟು ಸಲ ಬಿಚ್ಚಿ ಕಟ್ಟಿದರು. ಹನ್ನೆರಡೂ ಮುಕ್ಕಾಲರ ಹೊತ್ತಿಗೆ ಭಾವ ಮತ್ತು ಭಾವಮೈದ ಇಬ್ಬರೇ ಉಳಿದಿದ್ದರು. ಇಬ್ಬರೂ ತಮ್ಮ ತಮ್ಮ ಕಾರಿನ ಬಾನೆಟ್ ತೆರೆದು, ಒಳಗೆ ಏನೋ ಕಳೆದುಹೋದವರಂತೆ ನೋಡುತ್ತ ನಿಂತಿದ್ದರು.

ಒಂದಕ್ಕೆ ಹತ್ತು ನಿಮಿಷವಿದ್ದಾಗ ಬೇಕರಿಯವರ ಮೊಬೈಲಿಗೆ ಅಕ್ಕನ ಫೋನು ಬಂತು. ಮುಂದಿನ ವಾರ ಭಾವನ ಕಾರು ತೊಳೆಯಲು ಹೊಸ ಸ್ಪಂಜು ತಂದಿಟ್ಟಿದ್ದೇನೆ ಎಂದು ಆಕೆ ಹೇಳಿದರಂತೆ. ಬೇಕರಿಯವರ ತಾಳ್ಮೆ ಕೆಟ್ಟಿತು. ದಡಬಡ ಕಾರೊಳಗೆ ಕೂತು ಹೊರಟೆ ಎಂದು ಬರೆದರು. ಸಮಯ ಮೈನಸ್ ಇಪ್ಪತ್ತೇಳು ಗಂಟೆ ಐವತ್ತು ನಿಮಿಷ. ದಂತವೈದ್ಯರು ಬಾನೆಟ್ ಮುಚ್ಚಿ, ಕೈ ತೊಳೆದು, ಕನ್ನಡಕ ಒರೆಸಿ, ಒಂದು ಹೊಡೆಯುವ ಹೊತ್ತಿಗೆ ಸರಿಯಾಗಿ ಹೊರಟರು. ಮೈನಸ್ ಇಪ್ಪತ್ತೆಂಟು ಗಂಟೆ.

ಬೇಕರಿಯವರು ಟ್ರ್ಯಾಕಿನ ಅಂಚಿಗೆ ಹೋಗಿ ಒಬ್ಬರೇ ಕೂತರು. ನಾನು ಪಕ್ಕದಲ್ಲಿ ಕೂತೆ. "ನಿಜವಾಗಿ ಓಡಿಸಿ ನಾಲ್ಕು ವರ್ಷ ಸೋತೆ. ಈಗ ಸುಳ್ಳು ಹೇಳಿಯೂ ಸೋತೆ ನೋಡಿ" ಎಂದರು. ಇದನ್ನು ನಡಾವಳಿಯಲ್ಲಿ ಸೇರಿಸಬೇಡಿ ಎಂದೂ ಹೇಳಿದರು.

ಆಗ ಟೈಲರಮ್ಮನ ಗಾಡಿ ನಮ್ಮ ಮುಂದೆ ಬಂದು ನಿಂತಿತು. "ಎರಡು ನಿಮಿಷ ಒಂದು ಸೆಕೆಂಡು. ಗಡಿಯಾರ ನೋಡೋಕೆ ಹೋದ್ರೆ ತಿರುವು ತಪ್ಪುತ್ತೆ, ತಿರುವು ನೋಡಿದ್ರೆ ಗಡಿಯಾರ ತಪ್ಪುತ್ತೆ" ಎಂದು ಗೊಣಗಿದರು.

ಬೇಕರಿಯವರು ಎದ್ದರು. "ನಾನು ಕೂತು ಗಡಿಯಾರ ನೋಡ್ಲಾ ಅಮ್ಮ?"

"ಬಾರಪ್ಪ. ಗಟ್ಟಿಯಾಗಿ ಹಿಡ್ಕೋ."

ಆ ಸುತ್ತನ್ನು ನಾನು ಕಣ್ಣಾರೆ ಕಂಡೆ. ಗಾಡಿ ತಿರುವುಗಳಲ್ಲಿ ಒಂದು ಪಕ್ಕಕ್ಕೆ ವಾಲಿ, ಕೋನುಗಳ ಅಂಚು ಸವರಿಕೊಂಡು, ಧೂಳಿನ ಪರದೆ ಎಳೆಯುತ್ತ ಬಂತು. ಕಿಟಕಿಯೊಳಗಿಂದ ಬೇಕರಿಯವರು ಸೆಕೆಂಡು ಎಣಿಸುವ ಸದ್ದು, ಅದರ ನಡುವೆ ನಗು. ನಿಂತಾಗ ಒಂದು ನಿಮಿಷ ಐವತ್ತೊಂಬತ್ತು. ಬೇಕರಿಯವರ ನಗು ನಿಲ್ಲುತ್ತಿರಲಿಲ್ಲ. ಟೈಲರಮ್ಮ ಸೀಟಿಗೆ ಒರಗಿ ಕಣ್ಣು ಮುಚ್ಚಿಕೊಂಡು, "ಬಂತು" ಎಂದರು, ಅಷ್ಟೇ.

ಸಂಜೆ ಶೆಡ್ಡಿನಲ್ಲಿ ಬಹುಮಾನ ವಿತರಣೆ. ದಂತವೈದ್ಯರು ಬಟ್ಟಲು ಪಡೆದು, ಈ ಗೆಲುವು ನಿನ್ನೆಯೇ ಸಿಕ್ಕಿದ್ದರೂ ಇಂದು ಗೊತ್ತಾಗಿದ್ದಕ್ಕೆ ಸಂತೋಷವಾಗಿದೆ ಎಂದು ಎರಡು ಮಾತಾಡಿದರು. ಆಮೇಲೆ ಭಾವಮೈದನ ಕಡೆ ತಿರುಗಿ, "ಬರೋ ಭಾನುವಾರ ಏಳಕ್ಕೇ ಬಂದ್ಬಿಡು. ಕಾರಿನ ತುಂಬ ಧೂಳು" ಎಂದರು.

"ನಿಮ್ಮ ಕಾರು ನಿನ್ನೆ ಮಧ್ಯಾಹ್ನದಿಂದ ಅಲ್ಲಾಡೇ ಇಲ್ವಲ್ಲ ಭಾವ."

"ಟೈಲರಮ್ಮನ ಧೂಳಪ್ಪ. ಬಂದು ಕೂತಿದೆ."

ಬೇಕರಿಯವರು ನನ್ನಿಂದ ನಾಲ್ಕನೇ ನಮೂನೆಯೊಂದನ್ನು ಇಸಿದುಕೊಂಡರು. ಮುಂದಿನ ಐವತ್ತೆರಡು ಭಾನುವಾರಗಳಂದು ಭಾವನ ಕಾರನ್ನು ಹಿಂದಿನ ಚಕ್ರ ಸಮೇತ ತೊಳೆದು ಮುಗಿಸಿದ್ದೇನೆ ಎಂದು ತುಂಬಿ, ರುಜು ಹಾಕಿ ಅಧ್ಯಕ್ಷರ ಕೈಗಿತ್ತರು.

ದಂತವೈದ್ಯರು ಎದ್ದು ನಿಂತರು. "ಇದು ಹೇಗೆ ಸಾಧ್ಯ?"

ಅಧ್ಯಕ್ಷರು ಅರ್ಜಿಯನ್ನು ಎರಡು ಸಲ ಓದಿದರು. "ದಿನಾಂಕ ಇದೆ, ರುಜು ಇದೆ. ಸದಸ್ಯರ ಮಾತನ್ನು ಸಂದೇಹಿಸೋದು ಬೇಡ. ಸಂದೇಹಿಸೋಕೆ ಶುರು ಮಾಡಿದ್ರೆ ಬಟ್ಟಲಿನವರೆಗೂ ಹೋಗುತ್ತೆ ಡಾಕ್ಟ್ರೇ." ದಂತವೈದ್ಯರು ಬಟ್ಟಲನ್ನು ಮಡಿಲಿಗೆಳೆದುಕೊಂಡು ಕೂತರು. ತೊಳೆದ ಕಾರು ಬಹಳ ಹೊಳೆಯುತ್ತಿದೆ ಎಂದು ಪಕ್ಕದವರಿಗೆ ತಾವೇ ಹೇಳಿದ್ದನ್ನು ನಾನು ಕೇಳಿಸಿಕೊಂಡೆ.

ಕೊನೆಯ ವಿಷಯವಾಗಿ ಅಧ್ಯಕ್ಷರು ಮುಂದಿನ ವರ್ಷದ ಸ್ಪರ್ಧೆಯ ಫಲಿತಾಂಶವನ್ನು ಇಂದೇ ಘೋಷಿಸುವ ಪ್ರಸ್ತಾಪ ಮುಂದಿಟ್ಟರು. ಎಲ್ಲರೂ ಹೊರಡುವ ಮೊದಲೇ ಬಂದು ಮುಟ್ಟುವ ಮಟ್ಟಕ್ಕೆ ಬೆಳೆದಿರುವಾಗ ವರ್ಷವಿಡೀ ಕಾಯುವುದು ಸಂಘಕ್ಕೆ ಶೋಭೆಯಲ್ಲ ಎಂದರು. ದಂತವೈದ್ಯರು ಮತ್ತೆ ಪ್ರಥಮ ಬಂದರು. ಬೇಕರಿಯವರೇ ಅನುಮೋದಿಸಿದರು.

ಹಿಂದಿನ ಸಾಲಿನಿಂದ ಟೈಲರಮ್ಮ ಕೈ ಎತ್ತಿದರು. "ಹಾಗಾದ್ರೆ ಮುಂದಿನ ವರ್ಷ ಆ ಎರಡು ದಿನ ಇಲ್ಲಿಗೆ ಯಾರೂ ಬರಲ್ವಾ ಸರ್?"

"ಬರೋ ಅಗತ್ಯ ಬೀಳಲ್ಲಮ್ಮ."

"ಟ್ರ್ಯಾಕು ಖಾಲಿ ಇರುತ್ತಾ?"

"ಪೂರ್ತಿ ಖಾಲಿ."

"ಹಾಗಾದ್ರೆ ನನ್ನ ಒಪ್ಪಿಗೆ ಇದೆ ಸರ್" ಎಂದರು ಟೈಲರಮ್ಮ. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು.