ಕಲ್ಲುಹೂವಿನ ಅಳತೆಗೊಂದು ಕೊಂಡಿ ಬೇಡುವ ಅರ್ಜಿ

ಅಂದರೆ ಮಾನ್ಯರೇ, ಸಂಶೋಧನಾ ದತ್ತಾಂಶ ಭಂಡಾರದ ಮೇಲ್ವಿಚಾರಕರೂ ಸಹನೆಯ ಸಾಗರವೂ ಆದ ತಮಗೆ ನಮಸ್ಕರಿಸಿ, ನಿನ್ನೆ ತಾವು ‘ಆಯ್ತು ಸಾರ್, ಬರೆದು ಕಳಿಸಿ’ ಎಂದು ಫೋನು ಇಟ್ಟಲ್ಲಿಂದಲೇ ಮುಂದುವರಿಸುತ್ತೇನೆ. ಐ ಬೆಗ್ ಟು ಸ್ಟೇಟ್... ಕಾಲೇಜಿನ ಇಂಗ್ಲಿಷಿನಲ್ಲಿ ಉಳಿದಿರುವುದು ಇಷ್ಟೇ, ಮುಂದಿನದು ಮರೆತಿದೆ.

ನನ್ನ ದಿವಂಗತ ಪತ್ನಿ ಹಳೆಯ ಆಸ್ಪತ್ರೆಯ ಹಿಂಬದಿ ಗೋಡೆಗೆ ಹತ್ತಿದ ಕಲ್ಲುಹೂವಿನ ಬೂದು ಮಚ್ಚೆಗಳನ್ನು ಹನ್ನೊಂದು ವರ್ಷ ಅಳೆದು, ಅವು ವರ್ಷಕ್ಕೆ ಒಂದೇ ಮಿಲಿಮೀಟರ್ ಬೆಳೆಯುತ್ತವೆಂದೂ, ಆ ರಸ್ತೆಗೆ ಲಾರಿ ಹೆಚ್ಚಿದ ಮೇಲೆ ಅಷ್ಟೂ ಇಲ್ಲವೆಂದೂ ಲೇಖನ ಬರೆದಳು. ಸ್ಕೇಲು ಹಿಡಿದವನು ನಾನು. ‘ರೀ, ಬೆರಳು ಆಚೆ ತೆಗೀರಿ, ಅಂಚೇ ಕಾಣ್ತಿಲ್ಲ’ ಎಂದು ಬೈಸಿಕೊಂಡ ಹೆಬ್ಬೆರಳು ಎಲ್ಲ ಫೋಟೋದಲ್ಲೂ ಇದೆ. ಈಗ ಗೋಡೆಯನ್ನು ಕೆಡವಿದ್ದಾರೆ, ಮತ್ತೆ ಅಳೆಯುವಂತಿಲ್ಲ. ಅವಳ ನಾಲ್ಕು ನೋಟ್‌ಬುಕ್ಕುಗಳನ್ನು ತಾವು ಸ್ಕ್ಯಾನ್ ಮಾಡಿ ಜೋಪಾನವಾಗಿಟ್ಟಿದ್ದೀರಿ, ಎಷ್ಟು ಜೋಪಾನವೆಂದರೆ ಯಾರ ಕಣ್ಣಿಗೂ ಬೀಳದಷ್ಟು. ಅಂತರ್ಜಾಲದಲ್ಲಿ ಲೇಖನದ ಕೊನೆಗೆ ಆ ನೋಟ್‌ಬುಕ್ಕುಗಳಿಗೆಂದು ಕೊಟ್ಟಿರುವ ಕೊಂಡಿ ಒತ್ತಿದರೆ ‘ಪುಟ ಸಿಗಲಿಲ್ಲ’ ಎಂದು ಬರುತ್ತದೆ. ಈ ತಿಂಗಳೊಳಗೆ ಅದು ಸರಿಯಾಗದಿದ್ದರೆ ಲೇಖನದ ನೆತ್ತಿಯ ಮೇಲೆ ‘ಆಧಾರ ಲಭ್ಯವಿಲ್ಲ’ ಎಂದು ಹಾಕುವುದಾಗಿ ಸಂಶೋಧನಾ ಪತ್ರಿಕೆಯವರು ತಿಳಿಸಿದ್ದಾರೆ. ನನ್ನ ಬಳಿಯಿರುವ ಜೆರಾಕ್ಸ್ ಕಳಿಸುತ್ತೇನೆಂದರೆ, ಕೊಂಡಿಯೇ ಬೇಕಂತೆ.

ಇದಕ್ಕೆ ತಾವು ಕೃಪೆಯಿಟ್ಟು ಸೂಚಿಸಿದ ಪರಿಹಾರವೆಂದರೆ, ಆ ಪುಟ ತೆರೆಯಲು ಲೇಖಕಿ ತಮ್ಮದೇ ಈಮೇಲಿನಿಂದ ಒಪ್ಪಿಗೆ ಕಳಿಸಬೇಕು. ಅವಳು ತೀರಿಕೊಂಡಿದ್ದಾಳೆಂದು ಬರೆದೆ. ಹಾಗಿದ್ದಲ್ಲಿ ಆ ಬದಲಾವಣೆಯನ್ನು ಲೇಖಕಿಯೇ ತಮ್ಮ ಖಾತೆಯಲ್ಲಿ ನಮೂದಿಸತಕ್ಕದ್ದು ಎಂದು ಉತ್ತರ ಬಂತು. ಅವಳಿಂದ ಒಪ್ಪಿಗೆ ಪಡೆಯುವುದು ಬದುಕಿದ್ದಾಗಲೇ ಅಷ್ಟು ಸುಲಭವಿರಲಿಲ್ಲ ಸ್ವಾಮಿ. ತಮಗೆ ಆ ದಾರಿ ಗೊತ್ತಿದ್ದರೆ, ಹಾಗೆಯೇ ಬೀರುವಿನ ಇನ್ನೊಂದು ಕೀಲಿ ಎಲ್ಲಿಟ್ಟಿದ್ದಾಳೆಂದೂ ಕೇಳಿಬಿಡಿ. ಅದೂ ಆಗದಿದ್ದರೆ ಆ ಗೋಡೆಯನ್ನಾದರೂ ಮತ್ತೆ ಕಟ್ಟಿಸಿಕೊಡಿ. ಕಲ್ಲುಹೂವು ಹತ್ತುವವರೆಗೆ ಸ್ಕೇಲು ಹಿಡಿದು ಕಾಯುತ್ತೇನೆ. ತಮ್ಮ ಕಚೇರಿಯ ವೇಗ ಬಲ್ಲವನಿಗೆ ಅದು ಅವಸರವೆಂದೇ ತೋರುತ್ತದೆ.

ಒಂದು ಮಾತು ಮಾತ್ರ ತಮಾಷೆಗಲ್ಲ. ಅವಳು ಒಂದೇ ಒಂದು ಅಳತೆಯನ್ನೂ ಅಂದಾಜಿಗೆ ಬರೆದವಳಲ್ಲ. ಅವಳ ಹೆಸರಿನ ಮೇಲೆ ಆ ಸಾಲು ಬರಬಾರದು.

ಇನ್ನೂ ಬರೆಯುವುದಿತ್ತು, ಆದರೆ ಕಿಟಕಿಯ ಬೆಳಕು ಇಳಿದು ಸಾಲಿನ ಮೇಲೆ ಸಾಲು ಕೂರುತ್ತಿದೆ. ನಿಲ್ಲಿಸುತ್ತೇನೆ.

ತಮ್ಮ ಕಡತದಲ್ಲಿ ಇನ್ನೂ ಪೆಂಡಿಂಗ್ ಇರುವ ವಿಶ್ವಾಸಿ,
ಲೇಖಕಿಯ ಗಂಡ

ವಿ.ಸೂ.: ಅಲ್ಲಿಯವರೆಗೆ ಇರಲೆಂದು, ತಮ್ಮದೇ ಗ್ರಂಥಾಲಯದ ಮಹಡಿಯಲ್ಲಿರುವ, ಅವಳ ಲೇಖನ ಅಚ್ಚಾದ ಆ ಪತ್ರಿಕೆಯ ಸಂಪುಟಕ್ಕೆ ನೋಟ್‌ಬುಕ್ಕುಗಳ ಜೆರಾಕ್ಸನ್ನು ಬಿಳಿ ದಾರದಿಂದ ಬಿಗಿದಿಟ್ಟಿದ್ದೇನೆ. ಬೆಳಿಗ್ಗೆ ಹೋಗಿ ಎಳೆದು ನೋಡಿದೆ. ಕೊಂಡಿ ಕೆಲಸ ಮಾಡುತ್ತಿದೆ.