ಸ್ಪೀಕರಮ್ಮನ ಒಂದು ಓಟು

ಮೂಳೆ ಡಾಕ್ಟರ ಹತ್ತಿರ ಜನ ಕಾಲು ತೋರಿಸಲು ಬಂದು ಜೀವನಚರಿತ್ರೆ ಹೇಳಿ ಹೋಗುತ್ತಾರೆ. ಜರ್ಮನಿಯ ಎರ್ಲಾಂಗೆನ್ನಿನಲ್ಲಿ ಇಷ್ಟು ವರ್ಷ ಇದ್ದು ನನಗಿದು ಅಭ್ಯಾಸವಾಗಿದೆ. ಆದರೆ ಹೋದ ವರ್ಷ ಮೊಣಕಾಲಿನ ಆಪರೇಷನ್ನಿಗೆ ಬಂದವರು ಪೆಸಿಫಿಕ್ ಸಾಗರದ ಒಂದು ಪುಟ್ಟ ದೇಶದ ಪಾರ್ಲಿಮೆಂಟಿನ ಸ್ಪೀಕರ್! ಗಟ್ಟಿ ದನಿಯ ಹೆಂಗಸು. ನಮ್ಮ ಮನೆಯಲ್ಲೆಲ್ಲ ಅವರು ಸ್ಪೀಕರಮ್ಮ.

೧. ಕೆಟ್ಟ ಎಂಜಿನ್

ಮೊದಲ ಚುನಾವಣೆಯ ಹೊತ್ತಿಗೆ ಅವರು ಶಾಲೆಯ ಟೀಚರು. ಪ್ರಚಾರಕ್ಕೆ ಹೊರಟ ದೋಣಿಯ ಎಂಜಿನ್ ಕೆಟ್ಟು, ತೇಲುತ್ತಾ ಹೋಗಿ ಸೇರಿದ್ದು ಎದುರಾಳಿಯ ದ್ವೀಪವನ್ನು. ರಿಪೇರಿ ಆಗುವ ತನಕ ಅಲ್ಲೇ ಠಿಕಾಣಿ. ಸುಮ್ಮನೆ ಕೂರಲಾರದೆ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟರಂತೆ. ಆ ದ್ವೀಪದ ಓಟೆಲ್ಲ ಇವರಿಗೇ ಬಿತ್ತು.

“ಭಾಷಣದಲ್ಲಿ ಏನು ಹೇಳಿದ್ರಿ?” ಅಂದೆ.

“ಭಾಷಣ ಎಲ್ಲಿ? ಎಂಜಿನ್ ಯಾವಾಗ ಸರಿಹೋಗುತ್ತೆ ಅಂತ ಕೇಳ್ತಿದ್ದೆ, ಅಷ್ಟೇ.”

೨. ಒಂದೇ ದೋಣಿ

ಅವರ ತಮ್ಮನೂ ಪಾರ್ಲಿಮೆಂಟಿನ ಸದಸ್ಯ. ಒಮ್ಮೆ ಎಷ್ಟು ಹೇಳಿದರೂ ಮಾತು ನಿಲ್ಲಿಸದ ಅವನನ್ನು ಸಭೆಯಿಂದ ಹೊರಗೆ ಹಾಕಿಬಿಟ್ಟರು. ನನ್ನ ತಂಗಿ ಹಬ್ಬದ ದಿನ ಫೋನ್ ಮಾಡಿದರೆ ಕಟ್ ಮಾಡಲು ನನಗೆ ಧೈರ್ಯ ಸಾಲದು. ಈ ಎದೆಗಾರಿಕೆ ಕೇಳಿ ದಂಗಾದೆ.

“ಅವನೇನು ಮಾಡಿದ?”

“ಸಂಜೆವರೆಗೂ ದೋಣಿ ನಿಲ್ಲೋ ದಕ್ಕೆಯಲ್ಲಿ ಕಾದ. ನಮ್ಮಿಬ್ಬರಿಗೂ ಒಂದೇ ದೋಣಿ. ದಾರಿಯುದ್ದಕ್ಕೂ ಮಿಕ್ಕ ಭಾಷಣ ಮುಗಿಸಿದ. ಅಲ್ಲಿ ಎಲ್ಲಿಗೆ ಅಂತ ಹೊರಗೆ ಹಾಕಲಿ?”

೩. ಊರುಗೋಲು

ಆಗ ನಮ್ಮ ಕನ್ನಡ ಸಂಘ ಹೋಳಾಗುವುದರಲ್ಲಿತ್ತು. ಯುಗಾದಿ ಎರ್ಲಾಂಗೆನ್ನಿನ ಹಳೇ ಹಾಲ್‌ನಲ್ಲೇ ಆಗಲಿ ಅಂತ ಸೈಕಲ್ಲಿನಲ್ಲಿ ಬರುವ ನಾವು. ಅಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ, ಬೇರೆ ಸಂಘ ಕಟ್ಟುತ್ತೇವೆ ಅಂತ ದೂರದಿಂದ ಕಾರಿನಲ್ಲಿ ಬರುವ ಇಂಗೋಲ್‌ಸ್ಟಾಟ್‌ನವರು. ಸಂಘ ಹುಟ್ಟುಹಾಕಿದವನೇ ನಾನು, ನನ್ನ ಸಂಕಟ ಯಾರಿಗೆ ಹೇಳಲಿ? ತೀರ್ಮಾನಕ್ಕೆಂದು ಕರೆದ ಸಭೆಯ ಅಧ್ಯಕ್ಷತೆಗೆ ನಾನು ಹೋದರೆ “ನೀವೂ ಸೈಕಲ್ ಪಾರ್ಟಿನೇ ಡಾಕ್ಟ್ರೇ!” ಅಂದರು. ಕೊನೆಗೆ ಊಟಕ್ಕೆಂದು ಕರೆತಂದಿದ್ದ ಸ್ಪೀಕರಮ್ಮನನ್ನೇ ಕುರ್ಚಿಯಲ್ಲಿ ಕೂರಿಸಿದೆವು. ಅವರಿಗೆ ಕನ್ನಡ ಬರುವುದಿಲ್ಲವಾದ್ದರಿಂದ ಎರಡೂ ಕಡೆಯವರಿಗೆ ಒಪ್ಪಿಗೆ.

“ಗುರು, ಲಾಸ್ಟ್ ಇಯರ್ ಕಾರಿಗೆ ಪಾರ್ಕ್‌ಪ್ಲಾಟ್ಸ್ ಹುಡುಕಿ ಬರೋಷ್ಟ್ರಲ್ಲಿ ಒಬ್ಬಟ್ಟೇ ಖಾಲಿ!” ಅಂತ ಒಬ್ಬ ಎದ್ದು ಕೂಗಿದ. ಸ್ಪೀಕರಮ್ಮನ ಊರುಗೋಲು ನೆಲಕ್ಕೆ ಠಕ್ ಅಂತು. ತೆಪ್ಪಗೆ ಕೂತ. ನಮ್ಮಲ್ಲಿ ಒಬ್ಬೊಬ್ಬರಾಗಿ ಮಾತಾಡಿದ ಸಭೆ ಅದೊಂದೇ.

ಸಂಘ ಒಡೆಯಬೇಕೋ ಬೇಡವೋ, ಇಷ್ಟನ್ನೇ ನಾನು ಅವರಿಗೆ ಇಂಗ್ಲಿಷಿನಲ್ಲಿ ಹೇಳಿದ್ದು. ಕೈ ಎತ್ತಿಸಿ ಎಣಿಸಿದರೆ ಸಮ ಸಮ!

“ಸಮ ಬಿದ್ದರೆ, ಇರೋದು ಇದ್ದ ಹಾಗೇ ಇರಲಿ ಅಂತ ಸ್ಪೀಕರ್ ಓಟು ಹಾಕೋದು ನಮ್ಮ ಪದ್ಧತಿ,” ಅಂದರು. “ಸಂಘ ಒಂದೇ. ಸಭೆ ಮುಗೀತು.”

ನನ್ನ ಕಣ್ಣು ತುಂಬಿ ಬಂತು. ಆಗ ಅವರು ಕುರ್ಚಿಯಿಂದ ಏಳುತ್ತಾ ಕೇಳಿದರು: “ಅಂದ ಹಾಗೆ, ಜಗಳ ಯಾತಕ್ಕೆ?”

ನಾನು ಬಾಯಿ ತೆರೆಯುವಷ್ಟರಲ್ಲಿ ಎರಡೂ ಪಾರ್ಟಿಯವರು ಒಟ್ಟಿಗೆ ನನ್ನ ತೋಳು ಹಿಡಿದರು. “ಡಾಕ್ಟ್ರೇ, ಪಾರ್ಕಿಂಗ್ ಅಂತ ಮಾತ್ರ ಹೇಳ್ಬೇಡಿ! ಅವ್ರು ಸಮುದ್ರ ದಾಟಿ ಮೀಟಿಂಗ್‌ಗೆ ಹೋಗೋರು, ಮಾನ ಹೋಗುತ್ತೆ!”

ಆ ಒಂದು ಪದ ಸ್ಪೀಕರಮ್ಮನಿಗೆ ಚೆನ್ನಾಗಿಯೇ ಕೇಳಿಸಿತ್ತು.

“ಪಾರ್ಕಿಂಗಾ?” ಅಂತ ಮತ್ತೆ ಕುರ್ಚಿಯಲ್ಲಿ ಕೂತರು. “ನಮ್ಮಲ್ಲೂ ಅದೇ! ದಕ್ಕೆಯಲ್ಲಿ ದೋಣಿ ಕಟ್ಟೋಕೆ ಜಾಗ ಇಲ್ಲ ಅಂತ ಒಂದು ಸರ್ಕಾರವೇ ಬಿತ್ತು. ನಾನು ಸ್ಪೀಕರ್ ಆಗಿದ್ದೇ ಹಾಗೆ!”