ಎರಡೂ ಕಡೆ ಸಲ್ಲುವ ಸ್ನೋಮೊಬೈಲ್ ಮಹಾಶಯರಿಗೆ

ಮಾನ್ಯರೇ,

ಹಿಮದ ಮೇಲೆ ಓಡುವ ಗಾಡಿಯಾಗಿ, ನಮ್ಮ ಗ್ಯಾರೇಜಿನಲ್ಲಿ ಮೈತುಂಬ ಹೊದಿಕೆ ಹೊದ್ದು ವಿರಾಜಮಾನರಾಗಿರುವ ತಮಗೆ, ಮೂವತ್ತೊಂದು ವರ್ಷ ಕೌಂಟಿಯ ರಸ್ತೆಗಳ ಹಿಮ ತಳ್ಳಿ ನಿವೃತ್ತನಾದ ವಿಲ್ಹೋ ಪೆಲ್ಟೋಲಾ ಎಂಬ ನಾನು ಟೋಪಿ ತೆಗೆದು ವಂದಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಇಲ್ಲಿ ನನ್ನ ಮಾನವೊಂದನ್ನು ಬಿಟ್ಟು ಮಿಕ್ಕೆಲ್ಲವೂ ಕ್ಷೇಮ. ಈ ಪತ್ರವನ್ನು ನಮ್ಮ ಸ್ನೋಮೊಬೈಲ್ ಕ್ಲಬ್ಬಿನ ಸುದ್ದಿಹಾಳೆಯಲ್ಲಿ ಅಚ್ಚು ಹಾಕಿಸುತ್ತಿರುವುದು ತಾವು ಟಪಾಲು ಒಡೆದು ಓದುವವರಲ್ಲ ಎಂಬ ಕಾರಣಕ್ಕೆ ಮಾತ್ರ.

ನಾನೂ ನನ್ನ ಹೆಂಡತಿ ಸೈಮಾಳೂ ಸೇರಿ ಕಾಡಿನೊಳಗೆ ಕಟ್ಟಿದ ಕ್ಯಾಂಪು ತಮಗೆ ಗೊತ್ತೇ ಇದೆ: ಒಂದು ಕೋಣೆ, ಒಂದು ಒಲೆ, ಬೆವರಿಳಿಸಿ ಮೀಯಲು ಒಂದು ಸೌನಾ. ಅಲ್ಲಿಗೆ ಮೂವತ್ತು ಮೈಲಿ ಕ್ಲಬ್ಬಿನವರು ಒತ್ತಿ ಸಪಾಟು ಮಾಡಿದ ಗಟ್ಟಿ ಹಿಮದ ದಾರಿ, ಅಂದರೆ ಟ್ರೇಲು; ಕೊನೆಯ ಎರಡು ಮೈಲಿ ಸೊಂಟದುದ್ದ ಪುಡಿಹಿಮ. ಸೈಮಾಳ ಹಳೆಯ ಗಾಡಿ ಟ್ರೇಲಿನಲ್ಲಿ ಗಾಳಿಯಂತೆ ಓಡುತ್ತದೆ, ಪುಡಿಹಿಮ ಕಂಡರೆ ಹೂತುಹೋಗುತ್ತದೆ. ಆದ್ದರಿಂದ ಅವಳ ಜೊತೆಜೊತೆಗೆ ಟ್ರೇಲಿನಲ್ಲಿ ಓಡಿ, ಆಮೇಲೆ ಅವಳಿಗೆ ಮುಂದಾಗಿ ದಾರಿ ಬಿಡಿಸಿಕೊಡುವ ಗಾಡಿಯೊಂದು ನನಗೆ ಬೇಕಿತ್ತು. ಎರಡು ಚಳಿಗಾಲ ಹೋಗಲಾಗದೆ ಕಳೆದ ಮೇಲೆ ಅವಳು ಕಾಫಿ ಬಗ್ಗಿಸುತ್ತ ಹೇಳಿದ್ದಳು: "ಈ ಸಲಾನೂ ಹೋಗೋಕಾಗ್ದಿದ್ರೆ ಕ್ಯಾಂಪ್ ಮಾರ್‌ಬಿಡೋಣ ರೀ." ಸೈಮಾಳನ್ನು ಬಿಟ್ಟರೆ ಈ ಲೋಕದಲ್ಲಿ ನನಗೆ ಪ್ರಿಯವಾದದ್ದು ಆ ಕ್ಯಾಂಪೇ.

ತಮ್ಮನ್ನು ಆರಿಸಲು ನಾನು ಪಟ್ಟ ಪಾಡು ದೇವರಿಗೇ ಪ್ರೀತಿ. ಚರ್ಚಿನ ಶುಕ್ರವಾರದ ಮೀನೂಟದಲ್ಲಿ ಅರ್ಧ ಚರ್ಚು ಎದ್ದು, ಟ್ರೇಲಿಗೆ ಗಾಡಿಯಡಿ ಸುತ್ತುವ ರಬ್ಬರ್ ಪಟ್ಟಿ ನೂರ ಇಪ್ಪತ್ತೊಂಬತ್ತು ಇಂಚು, ಅದಕ್ಕೆ ಗಿಡ್ಡ ಹಲ್ಲು, ಮುಂದಿನ ಜಾರುಹಲಗೆಗಳಿಗೆ ಅಗಲವಾದ ನಿಲುವು ಎಂದು ಸಾರಿತು. ಉಳಿದರ್ಧ, ಪುಡಿಹಿಮಕ್ಕೆ ನೂರ ಅರವತ್ತೈದು ಇಂಚು, ಮೂರಿಂಚಿನ ಹಲ್ಲು, ಇಕ್ಕಟ್ಟಾದ ನಿಲುವು ಎಂದು ಮೇಜು ಕುಟ್ಟಿತು. ಪಾದ್ರಿಗಳು ಯಾರ ಮನಸ್ಸನ್ನೂ ನೋಯಿಸಲಾರದೆ ಇನ್ನೊಂದು ತುಂಡು ಮೀನು ಹಾಕಿಸಿಕೊಂಡರು. ನಾನು ನಾಲ್ಕು ವಾರ ನಿದ್ದೆಗೆಟ್ಟು ನೂರ ನಲವತ್ತಾರು ಇಂಚು, ಎರಡಿಂಚಿನ ಹಲ್ಲು ಎಂಬ ನಡುವಿನ ದಾರಿ ಹಿಡಿದು ತಮ್ಮನ್ನು ಮನೆತುಂಬಿಸಿಕೊಂಡೆ. ಹೆಂಡತಿಯನ್ನು ಆರಿಸಲೂ ಇಷ್ಟು ಹೊತ್ತು ಹಿಡಿದಿರಲಿಲ್ಲ ಎಂದಾಗ, ಆ ಆಯ್ಕೆ ಮಾಡಿದ್ದು ತಾನೆಂದು ಸೈಮಾ ನೆನಪಿಸಿದಳು.

ಕಳೆದ ಶನಿವಾರ ಹೊರಟೆವಲ್ಲ, ಐದು ಮೈಲಿಗೊಮ್ಮೆ ತಾವು ಜ್ವರ ಬಂದವರಂತೆ ಕಾದು ಸುಟ್ಟ ವಾಸನೆ ಬೀರಿದಿರಿ. ಪಟ್ಟಿಯೊಳಗಿನ ಹಳಿಗಳನ್ನು ತಣಿಸಲು ಗಟ್ಟಿ ಟ್ರೇಲಿನಲ್ಲಿ ಉದುರುಹಿಮ ಸಿಗುವುದಿಲ್ಲವೆಂದು ನಾನೇ ಇಳಿದು, ಬೊಗಸೆ ಬೊಗಸೆ ಹಿಮ ತುಂಬಿ ತಮಗೆ ಅಭಿಷೇಕ ಮಾಡಿದೆ. ಅಷ್ಟರಲ್ಲಿ ಸೈಮಾ ಕಣ್ಮರೆಯಾಗಿದ್ದಳು.

ನಮ್ಮ ಟ್ರೇಲಿನಲ್ಲಿ ಎದುರು ಬರುವವರಿಗೆ ಹಿಂದೆ ಇನ್ನೆಷ್ಟು ಗಾಡಿಗಳಿವೆ ಎಂದು ಬೆರಳೆತ್ತಿ ತೋರಿಸುವುದು ಪದ್ಧತಿ. ಮುಷ್ಟಿ ಹಿಡಿದರೆ ಹಿಂದೆ ಯಾರೂ ಇಲ್ಲವೆಂದು ಅರ್ಥ. ತಿರುವಿನಲ್ಲಿ ಎದುರಿನಿಂದ ನಡುದಾರಿಯಲ್ಲೇ ಬಂದ ಲೆರಾಯ್ ಎಂಬ ಸಜ್ಜನರು ನನ್ನನ್ನು ಕಂಡು ಹೌಹಾರಿ, ಗಾಡಿ ಸಮೇತ ಮರದ ಬುಡಕ್ಕೆ ನುಗ್ಗಿ, ಕೊಂಬೆಯ ಹಿಮವನ್ನೆಲ್ಲ ತಲೆಯ ಮೇಲೆ ಕೆಡವಿಕೊಂಡರು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಹೆಲ್ಮೆಟ್ಟು ತೆಗೆದು ಅವರು ಕೇಳಿದ್ದಿಷ್ಟು: "ಮುಂದೆ ಹೋದ ಅಕ್ಕ ಮುಷ್ಟಿ ತೋರ್ಸಿದ್ರು. ನೀವ್ ಯಾವ್ ಲೆಕ್ಕದಲ್ಲಿ ಬರ್ತಿದೀರಿ?" ಟ್ರೇಲು ಮುಗಿಯುವಲ್ಲಿ ಕಾದಿದ್ದ ಸೈಮಾಳನ್ನು ವಿಚಾರಿಸಿದೆ. "ಆರು ತಿರುವಿಂದ ನೋಡ್ತಿದ್ದೆ, ಹಿಂದೆ ಯಾರೂ ಇರ್ಲಿಲ್ಲ. ಇಲ್ದಿರೋ ಗಂಡನ್ನ ಹೇಗ್ರೀ ಲೆಕ್ಕ ಹಾಕ್ಲಿ?" ಎಂದಳು. ಇದನ್ನು ಲೆರಾಯ್ ಅವರು ಈಗಾಗಲೇ ಮೂರು ಊರಿಗೆ ಮುಟ್ಟಿಸಿದ್ದಾರೆ.

ಇನ್ನು ಪುಡಿಹಿಮ. ಇನ್ನೂರು ಗಜ ಹೋಗುವುದರೊಳಗೆ ತಾವು ಬಾಲ ಹೂತು, ಮೂತಿ ಮುಗಿಲಿಗೆತ್ತಿ ನಿಂತಿರಿ. ಈಗಿಂದೀಗಲೇ ಇಪ್ಪತ್ತಿಂಚು ಬೆಳೆಯಿರಿ, ಹಲ್ಲುಗಳನ್ನು ಮೂಡಿಸಿಕೊಳ್ಳಿ, ಸೊಂಟ ಸಣ್ಣ ಮಾಡಿಕೊಳ್ಳಿ, ಮರಳುವಾಗ ಮತ್ತೆ ಮೊದಲಿನಂತಾದರೆ ಸಾಕು ಎಂದು ಕೈಮುಗಿದು ಬೇಡಿಕೊಂಡೆ. ಕೇಳಿಸಿಕೊಳ್ಳಲಿಲ್ಲ. ಕ್ಯಾಂಪು ಕೈತಪ್ಪಿತೆಂದು ನನಗೆ ಅಳುವೇ ಬಂತು.

ಹಿಮ ತುಳಿಯುತ್ತ ಬಂದ ಸೈಮಾ ತಮ್ಮ ಸುತ್ತ ಅಗೆದಳು. ಹಿಮ ಕೆರೆದು ಹಳಿಗಳಿಗೆ ಎರಚಲೆಂದೇ ಇರುವ ಎರಡು ತಂತಿಗಳು ಮೇಲಕ್ಕೆ ಸಿಕ್ಕಿಸಿದಂತೆಯೇ ಇದ್ದವು. ಗ್ಯಾರೇಜಿನಿಂದ ಹಿಂದಕ್ಕೆ ತೆಗೆಯುವಾಗ ಸಿಕ್ಕಿಸಿದ ನಾನು ಇಳಿಸಲು ಮರೆತಿದ್ದೆ; ಟ್ರೇಲಿನಲ್ಲಿ ತಾವು ಕಾದದ್ದು ಅದಕ್ಕೇ. "ಕೂತ್ಕೊಂಡೇ ಹೋಗೋಕೆ ಇದೇನು ಚರ್ಚಿನ ಬೆಂಚಾ? ಇಳೀರಿ" ಎಂದಳಷ್ಟೆ. ತಾನು ಹತ್ತಿ ನಿಂತಳು, ಒಂದು ಪಕ್ಕಕ್ಕೆ ವಾಲಿದಳು, ತಾವು ಹಂಸದಂತೆ ತೇಲಿಹೋದಿರಿ. ಎರಡು ಸಲ ಓಡಾಡಿ ದಾರಿ ಒತ್ತಿಕೊಟ್ಟ ಮೇಲೆ ಅವಳ ಹಳೆಯ ಗಾಡಿಯಲ್ಲಿ ನಾನು ಹಿಂದಿನಿಂದ ಬಂದೆ. ಸೌನಾದ ಚಿಮಣಿಯಲ್ಲಿ ಹೊಗೆ ಏಳುತ್ತಿತ್ತು. "ಮಾರೋ ಮಾತು ಬಿಡಿ," ಎಂದಳು, "ನೀರ್ ತನ್ನಿ." ಅಷ್ಟು ಸಂತೋಷದಿಂದ ನಾನು ಎಂದೂ ನೀರು ಹೊತ್ತಿರಲಿಲ್ಲ.

ಆದಕಾರಣ ಮಹಾಶಯರೇ, ತಾವು ಎರಡೂ ಕಡೆ ಸಲ್ಲುವುದಿಲ್ಲವೆಂಬುದು ನನ್ನ ದೂರಲ್ಲ. ತಾವು ಎರಡೂ ಕಡೆ ಚೆನ್ನಾಗಿ ಸಲ್ಲುತ್ತೀರಿ, ಆದರೆ ನನಗೆ ಸಲ್ಲುವುದಿಲ್ಲ ಎಂಬ ಈ ಪಕ್ಷಪಾತವೇ ನನ್ನ ದೂರು.

ಇಷ್ಟಾದರೂ ತಮ್ಮ ವಿಶ್ವಾಸಿ,
ವಿಲ್ಹೋ ಪೆಲ್ಟೋಲಾ

ತಾ.ಕ.: ಪತ್ರವನ್ನು ಓದಿದ ಸೈಮಾ, "ಗಾಡಿಯೊಂದು ನನಗೆ ಬೇಕಿತ್ತು" ಎಂಬಲ್ಲಿ "ನನಗೆ" ತೆಗೆದು "ಸೈಮಾಳಿಗೆ" ಎಂದು ತಿದ್ದಲು ಸೂಚಿಸಿದ್ದಾಳೆ. ಇನ್ನು ಮುಂದೆ ತಮ್ಮನ್ನು ಮುಟ್ಟಬೇಕಾದರೆ ನಾನು ಬರವಣಿಗೆಯಲ್ಲಿ ಅರ್ಜಿ ಸಲ್ಲಿಸಬೇಕಂತೆ. ದಯವಿಟ್ಟು ಈ ದೂರನ್ನೇ ಅರ್ಜಿಯೆಂದು ಪರಿಗಣಿಸಿ, ನನ್ನ ಪರವಾಗಿ ಅವಳ ಹತ್ತಿರ ಒಂದು ಒಳ್ಳೆಯ ಮಾತು ಹೇಳುವುದು.